ಗ್ಯಾರೇಜ್ ಕಟ್ಟೆ: ಮೊಳೆಗೆ ನೇತುಹಾಕಿದ ಮೂರು ಗ್ಯಾಸ್ಕೆಟ್

ಹಳೆಯ ವಾಹನಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಮೈಸೂರಿನ ನಿವೃತ್ತ ಮೆಕ್ಯಾನಿಕ್ ಒಬ್ಬರ ಉತ್ತರ

ಪ್ರಶ್ನೆ: ಸಾರ್, ನಮಸ್ಕಾರ. ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ತಂದೆಯವರು ಬುಕ್ ಮಾಡಿ, ವರ್ಷಗಟ್ಟಲೆ ಕಾದು ಮನೆಗೆ ತಂದ ಕಾರು. ಅವರು ಓಡಿಸುವುದನ್ನು ಬಿಟ್ಟ ಮೇಲೆ ಹನ್ನೊಂದು ವರ್ಷ ಅಡಿಕೆ ಶೆಡ್ಡಿನಲ್ಲಿ ನಿಂತಿತ್ತು. ಎರಡು ವರ್ಷದ ಹಿಂದೆ ಎಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಿಸಿದೆ. ಹಿಂದೆಯೇ ಎರಡು ಸಲ ಬೋರ್ ಆಗಿದ್ದರಿಂದ (ಸಿಲಿಂಡರ್ ಕೊರೆದು ಅಗಲ ಮಾಡಿದ್ದರಿಂದ) ನಾಲ್ಕೂ ಸಿಲಿಂಡರ್‌ಗೆ ಸ್ಲೀವ್, ಅಂದರೆ ಒಳಗೆ ಕೂರುವ ಕೊಳವೆ, ಹಾಕಿ ಸ್ಟ್ಯಾಂಡರ್ಡ್ ಪಿಸ್ಟನ್ ಕೂರಿಸಿದರು. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್, ವಾಲ್ವ್ ಎಲ್ಲವೂ ಹೊಸದು. 400 ಕಿಲೋಮೀಟರ್ ಓಡುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಸೋರದಂತೆ ಕೂರಿಸುವ ಹಾಳೆ) ಹೋಯಿತು. ಎಂಜಿನ್ ಎರಡೇ ಸಿಲಿಂಡರ್‌ನಲ್ಲಿ ಓಡಿದ ಹಾಗೆ ನಡುಗುತ್ತಿತ್ತು, ಬಿಸಿಯೇನೂ ಆಗಿರಲಿಲ್ಲ. ಹೆಡ್ ಫೇಸಿಂಗ್ (ಕೆಳಮುಖವನ್ನು ಹೆರೆದು ಸಮ ಮಾಡುವುದು) ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿದರು. 900 ಕಿಲೋಮೀಟರಿಗೆ ಮತ್ತೆ ಅದೇ ನಡುಕ, ಜೊತೆಗೆ ರೇಡಿಯೇಟರ್‌ನಲ್ಲಿ ಗುಳ್ಳೆ. ಮತ್ತೆ ಫೇಸಿಂಗ್, ಮತ್ತೆ ಗ್ಯಾಸ್ಕೆಟ್, ಈ ಸಲ ಹೊಸ ರೇಡಿಯೇಟರ್ ಮತ್ತು ಎಲೆಕ್ಟ್ರಿಕ್ ಫ್ಯಾನ್ ಕೂಡ. ಥರ್ಮೋಸ್ಟಾಟ್ ಕಿತ್ತು ಬಿಸಾಡಿದರು. ಕಳೆದ ತಿಂಗಳು ಉಡುಪಿಯಿಂದ ಬರುವಾಗ ಆಗುಂಬೆ ಘಾಟಿಯ ಅರ್ಧದಲ್ಲಿ ನೀರು ಕುದಿದು ಬಿಳಿ ಹೊಗೆ ಬಂತು. ಹೆಂಡತಿ, ಮಕ್ಕಳು, ಅತ್ತೆ ಎಲ್ಲರೂ ತಿರುವಿನಲ್ಲಿ ನಿಂತು ಹಾದುಹೋಗುವ ಬಸ್ಸುಗಳನ್ನು ಎಣಿಸಿದರು. ಈಗ ಹೆಡ್ ಬಿಚ್ಚಿಟ್ಟಿದೆ, ಬ್ಲಾಕ್ ಮೇಲೆ ಗೋಣಿಚೀಲ ಹೊದಿಸಿದ್ದೇವೆ. ಇದುವರೆಗೆ 1,85,000 ರೂಪಾಯಿ ಖರ್ಚಾಗಿದೆ. ಮೆಕ್ಯಾನಿಕ್ "ಈ ಬ್ಲಾಕ್ ಮುಗಿಯಿತು, ಬೇರೆ ಗಾಡಿಯ ಎಂಜಿನ್ ಕೂರಿಸೋಣ" ಎನ್ನುತ್ತಾರೆ. ಭಾವನವರು ಗುಜರಿಗೆ ಹಾಕು ಎನ್ನುತ್ತಾರೆ. ಸುಟ್ಟ ಮೂರೂ ಗ್ಯಾಸ್ಕೆಟ್‌ಗಳನ್ನು ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿದ್ದೇನೆ. ಫೋಟೋ ಕಳಿಸಿದ್ದೇನೆ. ಏನು ಮಾಡಲಿ? ಮೆಕ್ಯಾನಿಕ್ ಬದಲಾಯಿಸಬೇಕೇ? (ಹೆಸರು ಬೇಡ, ಶಿವಮೊಗ್ಗ)

ಉತ್ತರ: ಮೊದಲು ಆ ಗೋಣಿಚೀಲ ತೆಗೆಯಿರಿ. ಮಲೆನಾಡಿನ ಗಾಳಿಯಲ್ಲಿ ಗೋಣಿ ತೇವ ಕುಡಿಯುತ್ತದೆ, ಅದರ ನಾರು ಬೋರ್ ಒಳಗೆ ಉದುರುತ್ತದೆ. ನಾಲ್ಕೂ ಬೋರ್‌ಗೆ ಎಂಜಿನ್ ಎಣ್ಣೆ ಸವರಿ, ಹಳೆಯ ಹತ್ತಿ ಪಂಚೆ ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಕಟ್ಟಿ. ಆಮೇಲೆ ಮುಂದಕ್ಕೆ ಓದಿ.

ನಿಮ್ಮ ಪತ್ರದಲ್ಲಿ ನನಗೆ ಖುಷಿ ಕೊಟ್ಟದ್ದು ಆ ಮೊಳೆ. ನಲವತ್ತು ವರ್ಷ ಗ್ಯಾರೇಜಿನಲ್ಲಿದ್ದವನು ನಾನು. ಕೆಟ್ಟ ಭಾಗವನ್ನು ಜೋಪಾನ ಮಾಡಿದ ಮಾಲೀಕರು ಒಂದು ಕೈಯ ಬೆರಳಿಗಿಂತ ಹೆಚ್ಚು ಸಿಕ್ಕಿಲ್ಲ. ಹೊಸದು ಬಂದ ತಕ್ಷಣ ಹಳೆಯದು ತಿಪ್ಪೆಗೆ. ಆಮೇಲೆ ನಮ್ಮ ಮುಂದೆ ನಿಂತು "ಯಾಕೆ ಹೋಯಿತು ಹೇಳಿ" ಎಂದರೆ ನಾವೇನು ಕವಡೆ ಹಾಕಿ ಹೇಳಬೇಕೇ?

ಫೋಟೋಗಳನ್ನು ಮಗಳ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಮೂರೂ ಗ್ಯಾಸ್ಕೆಟ್ ಸುಟ್ಟಿರುವುದು ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರ್ ನಡುವಿನ ಕಿರಿದಾದ ಜಾಗದಲ್ಲಿ. ಮೊದಲನೆಯದರಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಕಪ್ಪು. ಎರಡನೆಯದರಲ್ಲಿ ಬೋರ್ ಸುತ್ತಲಿನ ತಗಡಿನ ಬಳೆ ಕತ್ತರಿಸಿಹೋಗಿ, ಪಕ್ಕದ ನೀರಿನ ತೂತಿನವರೆಗೆ ಗೆರೆ ಎಳೆದಿದೆ. ಮೂರನೆಯದರಲ್ಲಿ ಆ ಭಾಗವೇ ಇಲ್ಲ. ಎರಡು ಗದ್ದೆಗಳ ನಡುವಿನ ಬದುವಿನ ಹಾಗೆ ಅದು. ಬದು ಒಡೆದರೆ ನೀವು ಮಣ್ಣು ಹಾಕುತ್ತೀರಿ, ಮುಂದಿನ ಮಳೆಗೆ ಅಲ್ಲೇ ಒಡೆಯುತ್ತದೆ, ಮತ್ತೆ ಮಣ್ಣು ಹಾಕುತ್ತೀರಿ. ಅಡಿಯಲ್ಲಿ ಏಡಿಯ ಬಿಲ ಇದೆಯೇ ಎಂದು ಕೈ ಹಾಕಿ ನೋಡುವವರೆಗೂ ಇದೇ ಕಥೆ. ನಿಮ್ಮ ಎಂಜಿನ್ ಮೂರು ಸಲ ಕೆಟ್ಟಿಲ್ಲ. ಒಂದೇ ಸಲ ಕೆಟ್ಟಿದೆ, ಅದನ್ನು ಇನ್ನೂ ಯಾರೂ ರಿಪೇರಿ ಮಾಡಿಲ್ಲ.

ಎರಡನೆಯ ಸುಳಿವನ್ನೂ ನೀವೇ ಬರೆದಿದ್ದೀರಿ: "ಬಿಸಿಯೇನೂ ಆಗಿರಲಿಲ್ಲ." ಪದ್ಮಿನಿ ಎಂದರೆ ಎಲ್ಲರ ತಲೆಗೂ ಮೊದಲು ಬರುವುದು ಕುದಿಯುವ ರೇಡಿಯೇಟರ್. ಆ ಕಾರಿನ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ನೀರು ಕುದಿದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಇದು ನಿಜ. ಹಾಗಾಗಿ ನಿಮ್ಮ ಮೆಕ್ಯಾನಿಕ್ ನೀರಿನ ಬೆನ್ನು ಹತ್ತಿದರು. ಆದರೆ ನಿಮ್ಮಲ್ಲಿ ಮೊದಲು ಗ್ಯಾಸ್ಕೆಟ್ ಹೋಯಿತು. ಎರಡನೆಯ ಸಲ ಸಿಲಿಂಡರ್‌ನ ಅನಿಲ ನೀರಿಗೆ ನುಗ್ಗತೊಡಗಿತು. ಮೂರನೆಯ ಸಲ ಘಾಟಿಯಲ್ಲಿ, ಹದಿನಾಲ್ಕು ತಿರುವಿನ ಆ ಏರಿನಲ್ಲಿ, ನೀರು ಕುದಿಯಿತು. ಕುದಿಯುವಿಕೆ ಕೊನೆಗೆ ಬಂದದ್ದು. ಹೊಸ ರೇಡಿಯೇಟರ್‌ಗೆ ಕೊಟ್ಟ ದುಡ್ಡು ವ್ಯರ್ಥವಲ್ಲ, ಹನ್ನೊಂದು ವರ್ಷ ನಿಂತ ಗಾಡಿಗೆ ಅದು ಹೇಗೂ ಬೇಕಿತ್ತು; ಆದರೆ ಈ ರೋಗಕ್ಕೆ ಆ ಔಷಧ ಸಂಬಂಧಿಸಿದ್ದಲ್ಲ.

ಹಾಗಾದರೆ ಏಡಿ ಎಲ್ಲಿದೆ? ನನ್ನ ಅನುಮಾನ ಸ್ಲೀವ್ ಮೇಲೆ. ಎರಡು ಸಲ ಹೆಡ್ ಫೇಸಿಂಗ್ ಆಗಿದೆ ಎಂದು ಬರೆದಿದ್ದೀರಿ. ಬ್ಲಾಕ್‌ನ ಮೇಲ್ಮೈಯನ್ನು ಯಾರಾದರೂ ಅಳೆದರೇ? ಆ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ. ಗ್ಯಾಸ್ಕೆಟ್ ಎರಡು ಮುಖಗಳ ನಡುವೆ ಕೂರುತ್ತದೆ. ಮೇಲಿನ ಮುಖವನ್ನು ಎರಡು ಸಲ ಹೆರೆದು ಕೆಳಗಿನದನ್ನು ಮುಟ್ಟದೆ ಬಿಟ್ಟಿದ್ದಾರೆ. ಕಾರಣ ಸರಳ: ಹೆಡ್ಡನ್ನು ಸ್ಕೂಟರ್ ಮೇಲೆ ಇಟ್ಟುಕೊಂಡು ಲೇತ್ ಅಂಗಡಿಗೆ ಹೋಗಬಹುದು, ಬ್ಲಾಕ್ ಇಳಿಸಬೇಕಾದರೆ ಎರಡು ದಿನದ ಕೆಲಸ. ನಾನೂ ಹಾಗೆ ಮಾಡಿದ್ದೇನೆ, ಆದ್ದರಿಂದ ಗೊತ್ತು.

ಈಗ ಹೆಡ್ ತೆಗೆದೇ ಇದೆ. ಇವತ್ತೇ ಒಂದು ಕೆಲಸ ಮಾಡಿ. ಬ್ಲಾಕ್‌ನ ಮೇಲ್ಮೈಯನ್ನು ಸೀಮೆಎಣ್ಣೆ ಅಥವಾ ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಅಂಟಿದ ಗ್ಯಾಸ್ಕೆಟನ್ನು ಮರದ ಚಕ್ಕೆಯಿಂದ ಕೆರೆಯಿರಿ. ದಯವಿಟ್ಟು ಕೈ ಗ್ರೈಂಡರ್‌ಗೆ ಉಜ್ಜುವ ಬಿಲ್ಲೆ ಸಿಕ್ಕಿಸಿ ಉಜ್ಜಬೇಡಿ. ಹೊಳೆಯುವ ಮುಖ ಬರುತ್ತದೆ, ಅದರಲ್ಲಿ ಕಣ್ಣಿಗೆ ಕಾಣದ ಗುಂಡಿಗಳೂ ಬರುತ್ತವೆ, ಉದುರಿದ ಪುಡಿ ಬೇರಿಂಗ್ ಸೇರುತ್ತದೆ. ಆಮೇಲೆ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳ ಉಗುರನ್ನು ಬ್ಲಾಕ್ ಕಡೆಯಿಂದ ಬೋರ್ ಕಡೆಗೆ ಮೆಲ್ಲಗೆ ಎಳೆಯಿರಿ. ಬ್ಲಾಕ್ ಮುಗಿದು ಸ್ಲೀವ್ ಶುರುವಾಗುವ ಕಡೆ ಒಂದು ಸಣ್ಣ ಮೆಟ್ಟಿಲು ಸಿಕ್ಕುತ್ತದೆಯೇ? ಒಂದು, ಎರಡನೆಯ ಬೋರ್‌ನಲ್ಲಿ ಉಗುರು ಜಾರಿಕೊಂಡು ಹೋಗಿ, ಮೂರು ಅಥವಾ ನಾಲ್ಕರಲ್ಲಿ "ಟಿಕ್" ಎಂದು ಕೆಳಗಿಳಿದರೆ ನಿಮ್ಮ 1,85,000 ರೂಪಾಯಿ ಎಲ್ಲಿ ಇಳಿದುಹೋಯಿತೆಂದು ಗೊತ್ತಾದ ಹಾಗೆ. ಉಗುರು ಬಹಳ ಚುರುಕು. ನನ್ನ ಉಸ್ತಾದರು ಬಲಗೈ ಹೆಬ್ಬೆರಳಿನ ಉಗುರನ್ನು ಈ ಕೆಲಸಕ್ಕೆಂದೇ ಸ್ವಲ್ಪ ಬೆಳೆಸಿದ್ದರು, ಅದನ್ನು ನೋಡಿ ಮದುವೆ ಮನೆಗಳಲ್ಲಿ ಜನ ವೀಣೆ ನುಡಿಸುತ್ತೀರಾ ಎಂದು ಕೇಳುತ್ತಿದ್ದರು.

ಆಮೇಲೆ ಅಳತೆ. ಒಳ್ಳೆಯ ಉಕ್ಕಿನ ನೇರಪಟ್ಟಿ ಮತ್ತು ಫೀಲರ್ ಗೇಜ್ ಬೇಕು. ಮಕ್ಕಳ ಸ್ಕೇಲ್ ನಡೆಯುವುದಿಲ್ಲ. ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಓರೆಗೆ ಇಟ್ಟು ನೋಡಿ. ಮೂರು ಮತ್ತು ನಾಲ್ಕರ ನಡುವೆ ಪಟ್ಟಿಯ ಕೆಳಗೆ 0.05 ಮಿಲಿಮೀಟರ್‌ನ ಎಲೆ ಸಲೀಸಾಗಿ ನುಗ್ಗಿದರೆ ಅಲ್ಲಿ ಗ್ಯಾಸ್ಕೆಟ್ ಒತ್ತಿ ಕೂರುವುದಿಲ್ಲ. ಮೂರು ಸಲ ಸೋರಿದ ಬಿಸಿ ಅನಿಲ ಅಲ್ಲಿ ಕಬ್ಬಿಣವನ್ನೇ ತಿಂದು ಕಾಲುವೆ ಮಾಡಿರಲೂಬಹುದು. ಇನ್ನೊಂದು ಪರೀಕ್ಷೆ: ಕ್ರ್ಯಾಂಕನ್ನು ಸ್ಪ್ಯಾನರ್‌ನಿಂದ ನಿಧಾನವಾಗಿ ತಿರುಗಿಸುತ್ತ ಸ್ಲೀವ್ ಅಂಚನ್ನು ದಿಟ್ಟಿಸಿ ನೋಡಿ. ಪಿಸ್ಟನ್ ಮೇಲೇರುವಾಗ ಸ್ಲೀವ್ ಕೂದಲೆಳೆಯಷ್ಟು ಎದ್ದರೂ ಅದು ಸಡಿಲವಾಗಿದೆ ಎಂದರ್ಥ.

ಇಂಥ ಸ್ಲೀವ್‌ಗಳನ್ನು ಪ್ರೆಸ್‌ನಲ್ಲಿ ಬಿಗಿಯಾಗಿ ಇಳಿಸಬೇಕು, ಕೆಳಗೆ ನಿಲ್ಲಲು ಒಂದು ಅಂಚು ಇರಬೇಕು. ಇಳಿಸಿದ ಮೇಲೆ ಬ್ಲಾಕ್‌ನ ಇಡೀ ಮೇಲ್ಮೈಯನ್ನು ಒಂದು ಸಲ ಹೆರೆಯಬೇಕು, ಆಗ ಸ್ಲೀವ್ ಮತ್ತು ಬ್ಲಾಕ್ ಒಂದೇ ಮಟ್ಟಕ್ಕೆ ಬರುತ್ತವೆ. ಈ ಕೊನೆಯ ಹೆಜ್ಜೆಯನ್ನು ಹಾರಿಸುವವರು ಬಹಳ ಮಂದಿ. ಪದ್ಮಿನಿಯ ಬೋರ್ 68 ಮಿಲಿಮೀಟರ್, ಪಿಸ್ಟನ್ನಿನ ಓಟ 75, ಒಟ್ಟು 1089 ಸಿ.ಸಿ. ದೊಡ್ಡ ಎಂಜಿನ್ ಏನಲ್ಲ. ಆದರೆ ಸಿಡಿಯುವ ಕ್ರಮ 1-3-4-2 ಎಂಬುದನ್ನು ಮರೆಯಬೇಡಿ. ಮೂರು ಸಿಡಿದ ಬೆನ್ನಿಗೇ ಪಕ್ಕದ ನಾಲ್ಕು ಸಿಡಿಯುತ್ತದೆ. ಮೇಲಾಗಿ ನಾಲ್ಕನೆಯದು ವಾಟರ್ ಪಂಪಿನಿಂದ ಅತಿ ದೂರದ್ದು, ನಿಂತ ಗಾಡಿಯ ತುಕ್ಕಿನ ಕೆಸರು ಕೂರುವುದೂ ಅಲ್ಲೇ. ದುರ್ಬಲವಾದ ಬದುವಿಗೆ ಎರಡೂ ಕಡೆಯಿಂದ ಹೊಡೆತ.

ಸ್ಲೀವ್ ಇಳಿದದ್ದು ಖಚಿತವಾದರೆ ಎಂಜಿನ್ ಇಳಿಸಲೇಬೇಕು. ಬೇರೆ ದಾರಿ ಇಲ್ಲ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕುವ, ಸಿಲ್ವರ್ ಪೇಂಟ್ ಬಳಿಯುವ, ರೇಡಿಯೇಟರ್‌ಗೆ ಸೋರಿಕೆ ನಿಲ್ಲಿಸುವ ಪುಡಿ ಸುರಿಯುವ ಸಲಹೆಗಳು ಖಂಡಿತ ಬರುತ್ತವೆ. ಚಹಾ ಕುಡಿಸಿ ಕಳಿಸಿ. ಕೆಟ್ಟ ಸ್ಲೀವ್ ತೆಗೆದು ಹೊಸದನ್ನು ಕೂರಿಸಿ, ಮೇಲ್ಮೈ ಹೆರೆಸಿ. ಬ್ಲಾಕ್ ಹೊರಗೆ ಬಂದಾಗಲೇ ಪಕ್ಕದಲ್ಲಿರುವ ತಗಡಿನ ಮುಚ್ಚಳಗಳನ್ನು ಕಿತ್ತು, ಒಳಗಿನ ತುಕ್ಕಿನ ಕೆಸರನ್ನು ತಂತಿಯಿಂದ ಕೆದಕಿ ನೀರಿನ ರಭಸದಲ್ಲಿ ತೊಳೆಸಿ. ನಾಲ್ಕನೆಯ ಸಿಲಿಂಡರ್ ಸುತ್ತ ಒಂದು ಲೋಟ ಕೆಸರು ಬಂದರೆ ಆಶ್ಚರ್ಯಪಡಬೇಡಿ.

ಹೆಡ್ ಬಗ್ಗೆ ಎರಡು ಮಾತು. ಈಗ ಅದು ಘಾಟಿಯಲ್ಲಿ ಬೆಂದಿದೆ, ಆದ್ದರಿಂದ ವಾಲ್ವ್ ಸೀಟ್‌ಗಳ ನಡುವೆ ಬಿರುಕಿದೆಯೇ ಎಂದು ಪ್ರೆಷರ್ ಟೆಸ್ಟ್ ಮಾಡಿಸಿದ ಮೇಲೆಯೇ ಫೇಸಿಂಗ್. ಎಷ್ಟು ಹೆರೆದರು ಎಂಬ ಲೆಕ್ಕ ಕೇಳಿ ಬರೆದಿಡಿ. ಪ್ರತಿ ಸಲ ಹೆರೆದಾಗಲೂ ದಹನದ ಕೋಣೆ ಕಿರಿದಾಗಿ ಕಂಪ್ರೆಷನ್ ಏರುತ್ತದೆ. ಮೂರು ಸಲ ಹೆರೆದ ಹೆಡ್ಡು ಸಾಧಾರಣ ಪೆಟ್ರೋಲಿಗೆ ಟಕಟಕ ಎಂದು ಬಡಿಯುತ್ತದೆ, ಆ ಬಡಿತವೇ ಮುಂದಿನ ಗ್ಯಾಸ್ಕೆಟನ್ನು ತಿನ್ನುತ್ತದೆ.

ಜೋಡಿಸುವಾಗ ಹೆಡ್ ಬೋಲ್ಟಿನ ತೂತುಗಳನ್ನು ನೋಡಿ. ಕೆಳಗೆ ಮುಚ್ಚಿಕೊಂಡ ತೂತಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟ್ ದ್ರವದ ಮೇಲೆ ಕೂತು ಬಿಗಿಯಾದ ಹಾಗೆ ನಟಿಸುತ್ತದೆ. ಟಾರ್ಕ್ ವ್ರೆಂಚ್ "ಕಟ್" ಎನ್ನುತ್ತದೆ, ಹೆಡ್ ಮಾತ್ರ ಬಿಗಿಯಾಗಿರುವುದಿಲ್ಲ. ಬೋಲ್ಟಿನ ಎಳೆತಕ್ಕೆ ತಿರುಪಿನ ಎಳೆ ಮೇಲೆ ಬಂದ ತೂತಿನ ಸುತ್ತ ಬ್ಲಾಕ್ ಸಣ್ಣ ಗುಳ್ಳೆಯ ಹಾಗೆ ಮೇಲೆದ್ದಿರುತ್ತದೆ, ಅದನ್ನು ತೆಗೆಸಬೇಕು. ನಡುವಿನಿಂದ ಹೊರಕ್ಕೆ ಸುತ್ತುತ್ತ, ಮೂರು ಹಂತದಲ್ಲಿ, ಕೈಪಿಡಿಯಲ್ಲಿರುವ ಅಳತೆಗೆ ಬಿಗಿಯಬೇಕು. "ನನ್ನ ಕೈಗೆ ಗೊತ್ತು" ಎನ್ನುವವರ ಕೈಗೆ ಕೊಡಬೇಡಿ. ಎಂಜಿನ್ ಒಮ್ಮೆ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಮತ್ತೆ ಬಿಗಿಯಬೇಕು, 500 ಕಿಲೋಮೀಟರಿಗೆ ಇನ್ನೊಮ್ಮೆ. ಬಿಗಿದ ಮೇಲೆ ಟ್ಯಾಪೆಟ್ ಅಳತೆ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಸನ್ನೆಯ ನಡುವಿನ ಸಂದು, ಬದಲಾಗುತ್ತದೆ, ಅದನ್ನೂ ಹೊಂದಿಸಬೇಕು. ನಿಮ್ಮ ಪತ್ರದಲ್ಲಿ ಮರುಬಿಗಿತದ ಮಾತೇ ಇಲ್ಲ.

ಗ್ಯಾಸ್ಕೆಟ್ ಕೊಳ್ಳುವಾಗಲೂ ಕಣ್ಣು ತೆರೆದಿರಲಿ. ಕುರ್ಲಾದ ಕಾರ್ಖಾನೆ ಪದ್ಮಿನಿ ಮಾಡುವುದನ್ನು ನಿಲ್ಲಿಸಿ ಕಾಲು ಶತಮಾನವಾಯಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು. ಟ್ಯಾಕ್ಸಿಗಳಿದ್ದಾಗ ಬಿಡಿಭಾಗ ತಾಜಾ ಬರುತ್ತಿತ್ತು. ಈಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೂ ಸಿಗುವುದರಲ್ಲಿ ಹಲವು ವರ್ಷಗಟ್ಟಲೆ ಅಟ್ಟದ ಮೇಲಿದ್ದ ಮಾಲು. ಮಡಿಸಿದ ಗುರುತಿರುವ, ಮೂಲೆ ಹಪ್ಪಳದ ಹಾಗೆ ಪುಡಿಯಾಗುವ ಗ್ಯಾಸ್ಕೆಟನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಇನ್ನು ಥರ್ಮೋಸ್ಟಾಟ್, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಬಾಗಿಲು. ಅದನ್ನು ಕಿತ್ತೆಸೆಯುವುದು ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಮೊದಲಿನಿಂದ ಬಂದ ಚಟ. ಅದಿಲ್ಲದಿದ್ದರೆ ಶಿವಮೊಗ್ಗದ ಡಿಸೆಂಬರ್ ಬೆಳಗಿನಲ್ಲಿ ಎಂಜಿನ್ ಹದಕ್ಕೆ ಬರುವುದೇ ಇಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೋರ್ ಬೇಗ ಸವೆಯುತ್ತದೆ. ಹೊಸದನ್ನು ತಂದು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಡಿ, ಅದರ ಮೇಲೆ ಅಚ್ಚಾಗಿರುವ ಡಿಗ್ರಿಯ ಹತ್ತಿರ ಬಾಯಿ ತೆರೆಯುತ್ತದೆಯೇ ನೋಡಿ. ಯಾರ ಪಾತ್ರೆ ಎಂದು ಮನೆಯಲ್ಲಿ ಕೇಳಿದರೆ ನನ್ನ ಹೆಸರು ಹೇಳಬೇಡಿ.

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿಸಿದ್ದೀರಾ? ರೋಟರ್, ಪಾಯಿಂಟ್ ಹೊಸದು ಹಾಕಿರುತ್ತಾರೆ, ಅದರಡಿಯ ಸಣ್ಣ ತೂಕಗಳನ್ನು ಯಾರೂ ನೋಡಿರುವುದಿಲ್ಲ. ಹನ್ನೊಂದು ವರ್ಷದಲ್ಲಿ ಅಲ್ಲಿನ ಗ್ರೀಸ್ ಮೇಣವಾಗಿ ತೂಕಗಳು ಅಂಟಿರುತ್ತವೆ. ವೇಗ ಹೆಚ್ಚಿದಂತೆ ಕಿಡಿ ಮುಂಚೆ ಬರಬೇಕು, ಬರುವುದಿಲ್ಲ. ಬೆಂಕಿ ತಡವಾಗಿ ಹತ್ತಿ ಎಂಜಿನ್ ಸುಮ್ಮನೆ ಬಿಸಿಯಾಗುತ್ತದೆ.

ಪೆಟ್ರೋಲಿನ ಕಥೆಯೂ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು. ಶುದ್ಧ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಕೇಳಿದರೆ ಇದಕ್ಕೆ ಸುಮಾರು 13.5 ಸಾಕು. 1984ರ ಕಾರ್ಬುರೇಟರ್‌ಗೆ ಇದು ಗೊತ್ತಿಲ್ಲ, ಹಳೆಯ ಲೆಕ್ಕದಲ್ಲೇ ಕೊಡುತ್ತದೆ, ಎಂಜಿನ್ ತೆಳು ಮಿಶ್ರಣದಲ್ಲಿ ಬಿಸಿಯಾಗಿ ಓಡುತ್ತದೆ. ಪ್ಲಗ್ ತೆಗೆದು ನೋಡಿ. ತುದಿ ಕಾಫಿ ಪುಡಿ ಬಣ್ಣದಲ್ಲಿದ್ದರೆ ಸರಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಅಳತೆ ದೊಡ್ಡದು ಬೇಕು. ಪೆಟ್ರೋಲ್ ಪೈಪು ಮತ್ತು ಪಂಪಿನ ರಬ್ಬರ್ ಪರದೆಯನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಹಳೆಯ ರಬ್ಬರ್ ಅದರಲ್ಲಿ ಉಬ್ಬಿ, ಅಂಟಂಟಾಗುತ್ತದೆ.

ಬೇರೆ ಎಂಜಿನ್ ಕೂರಿಸುವ ಮಾತಿಗೆ ನನ್ನ ಉತ್ತರ, ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದೇ ಅದನ್ನು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮವೂ ಇದೆ. ಐವತ್ತು ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿ ಉಳಿದ ಗಾಡಿಗೆ ಮಾತ್ರ ಆ ಮನ್ನಣೆ. ನಿಮ್ಮದಕ್ಕೆ 2034ಕ್ಕೆ ಐವತ್ತು. ತಂದೆಯವರು ಕಾದಷ್ಟು ನೀವೂ ಸ್ವಲ್ಪ ಕಾಯಿರಿ.

ಮೆಕ್ಯಾನಿಕ್ ಬದಲಾಯಿಸಬೇಕೇ ಎಂದು ಕೇಳಿದ್ದೀರಿ. ಇದಕ್ಕೆ ನನ್ನದೇ ಕಥೆ ಹೇಳಬೇಕು. 1987. ನಂಜನಗೂಡಿನ ಡಾಕ್ಟರೊಬ್ಬರ ಅಂಬಾಸಿಡರ್ ಎಂಜಿನ್ ಕೆಲಸ ಮಾಡಿದೆ. ಆರು ವಾರಕ್ಕೆ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯದು) ಬಡಿಯತೊಡಗಿತು. ಬೇರಿಂಗ್ ಸರಿಯಿಲ್ಲ ಎಂದು ಅಂಗಡಿಯವನ ಜೊತೆ ಜಗಳವಾಡಿ ಬೇರೆ ತಂದು ಹಾಕಿದೆ. ಎರಡು ತಿಂಗಳಿಗೆ ಮತ್ತೆ. ಈ ಸಲ ಎಣ್ಣೆಯನ್ನು ಬೈದೆ. ಮೂರನೆಯ ಸಲ ಡಾಕ್ಟರು ಸ್ಟೂಲ್ ಹಾಕಿಕೊಂಡು ಗ್ಯಾರೇಜಿನಲ್ಲೇ ಕೂತರು. "ಮೂರು ಸಲ ಜ್ವರ ಬಂದವನಿಗೆ ಮೂರು ಸಲವೂ ಜ್ವರದ ಮಾತ್ರೆ ಕೊಟ್ಟು ಕಳಿಸಿದರೆ ನನ್ನನ್ನು ಡಾಕ್ಟರ್ ಎನ್ನುತ್ತಾರೇನಯ್ಯ?" ಎಂದರು. ಜೋರಾಗಿ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆ ಸಂಜೆ ಉಸ್ತಾದರನ್ನು ಕರೆಸಿದೆ. ಅವರು ಬೇರಿಂಗ್ ಮುಟ್ಟಲಿಲ್ಲ. ಬ್ಲಾಕ್‌ನಲ್ಲಿ ಎಣ್ಣೆ ಹರಿಯುವ ಉದ್ದನೆಯ ಹಾದಿಯ ಕೊನೆಯ ಪ್ಲಗ್ ಬಿಚ್ಚು ಎಂದರು. ಬಿಚ್ಚಿದೆ. ಸೈಕಲ್ ಚಕ್ರದ ಕಡ್ಡಿಯೊಂದಕ್ಕೆ ಬಟ್ಟೆ ಸುತ್ತಿ ತೂರಿಸಿ ಎಳೆದರು. ಸ್ಲೇಟು ಬಳಪದ ಪುಡಿಯನ್ನು ಎಣ್ಣೆಯಲ್ಲಿ ಕಲಸಿದಂಥ ಬೂದು ಬಣ್ಣದ ಲೇಪ ಬಂತು. ನನ್ನ ಎರಡು ಬೆರಳ ನಡುವೆ ಅದನ್ನು ಇಟ್ಟು ಉಜ್ಜಿಸಿದರು. ನುಣುಪಾಗಿ ಕಾಣುವ ಆ ಕೆಸರಿನೊಳಗೆ ಮರಳು ಕಿರುಗುಟ್ಟಿತು. ಬೋರ್ ಹೊಡೆದಾಗ ಉದುರಿದ ಉಜ್ಜುಗಲ್ಲಿನ ಪುಡಿ. ನಾನು ಬ್ಲಾಕ್ ತೊಳೆದಿದ್ದೆ, ಪ್ಲಗ್ ಬಿಚ್ಚದೆ ತೊಳೆದಿದ್ದೆ. ಪ್ರತಿ ಸಲ ಹೊಸ ಬೇರಿಂಗ್ ಹಾಕಿದಾಗಲೂ ಅದೇ ಹಾದಿಯಿಂದ ಅದಕ್ಕೆ ಮರಳು ಉಣಿಸಿದ್ದೆ. ಅಂಗಡಿಯವನ ಬಳಿ ಹೋಗಿ ಕ್ಷಮೆ ಕೇಳಿದೆ. ಅವನು ಚಹಾ ತರಿಸಿದ, ಹಳೆಯ ಬಾಕಿಯನ್ನೂ ನೆನಪಿಸಿದ.

ಡಾಕ್ಟರು ನನ್ನನ್ನು ಬದಲಾಯಿಸಲಿಲ್ಲ, ಅದಕ್ಕೇ ಇವತ್ತು ಈ ಅಂಕಣ ಬರೆಯುತ್ತಿದ್ದೇನೆ. ನಿಮ್ಮ ಮೆಕ್ಯಾನಿಕ್ ಕೆಟ್ಟವರೆಂದು ನನಗೆ ಅನಿಸುವುದಿಲ್ಲ. ಮೂರು ಸಲವೂ ಮುಖ ತಪ್ಪಿಸದೆ ಗಾಡಿ ಬಿಚ್ಚಿದ್ದಾರೆ. ಅವರನ್ನು ಶೆಡ್ಡಿಗೆ ಕರೆಯಿರಿ. ಮೂರೂ ಗ್ಯಾಸ್ಕೆಟ್‌ಗಳನ್ನು ಒಂದರ ಮೇಲೊಂದು ಜೋಡಿಸಿ, ಬೆಳಕಿಗೆ ಹಿಡಿದು ತೋರಿಸಿ. ಮಾತು ಬೇಡ. ನೇರಪಟ್ಟಿ ಅವರ ಕೈಯಲ್ಲೇ ಕೊಡಿ. ಅಳತೆ ನೋಡಿ "ಹೌದು, ಇದನ್ನು ನಾನು ನೋಡಬೇಕಿತ್ತು" ಎಂದರೆ ಅವರ ಬಳಿಯೇ ಮಾಡಿಸಿ, ಕೂಲಿಯಲ್ಲಿ ಅರ್ಧ ಬಿಡಲು ಕೇಳಿ, ಲೇತ್‌ನವರನ್ನೂ ಕೂರಿಸಿಕೊಂಡು ಮಾತಾಡಿ. ಪಟ್ಟಿಯನ್ನು ಮುಟ್ಟದೆಯೇ "ಇದೆಲ್ಲ ಪೇಪರಿನಲ್ಲಿ ಬರೆಯುವವರ ಮಾತು" ಎಂದರೆ ಬೇರೆಯವರನ್ನು ಹುಡುಕಿ. ಯಾರೇ ಮಾಡಲಿ, ಬಿಲ್ಲಿನಲ್ಲಿ "ಎಂಜಿನ್ ಕೆಲಸ" ಎಂದು ಒಂದೇ ಸಾಲು ಬರೆಸಿಕೊಳ್ಳಬೇಡಿ. ಎಷ್ಟು ಹೆರೆದರು, ಯಾವ ಅಳತೆಗೆ ಬಿಗಿದರು, ಎಷ್ಟು ಕಿಲೋಮೀಟರಿಗೆ ಮರುಬಿಗಿತ, ಎಲ್ಲವೂ ಒಂದು ನೋಟ್‌ಪುಸ್ತಕದಲ್ಲಿ ಇರಲಿ.

ಉಗುರಿಗೆ ಮೆಟ್ಟಿಲು ಸಿಕ್ಕಿತೋ ಇಲ್ಲವೋ ಬರೆಯಿರಿ. ಸಿಗದಿದ್ದರೆ ನನ್ನ ಅನುಮಾನ ತಪ್ಪು. ಆಗ ಬೋಲ್ಟಿನ ತೂತುಗಳಿಂದ ಮತ್ತೆ ಶುರುಮಾಡೋಣ.

ಪ್ರಶ್ನೆ: ನನ್ನ ಯೆಜ್ಡಿ ರೋಡ್‌ಕಿಂಗ್ ಬೋರ್ ಮಾಡಿಸಿದ ಮೇಲೆ ಎರಡು ಸಲ ಪಿಸ್ಟನ್ ಹಿಡಿದುಕೊಂಡಿತು. ಎರಡೂ ಸಲ ಬೋರ್ ಸಡಿಲ ಮಾಡಿಸಿದೆ. ಈಗ ಹಿಡಿಯುವುದಿಲ್ಲ, ಆದರೆ ಟಿನ್ ಡಬ್ಬಿಯ ಹಾಗೆ ಸದ್ದು. (ಹುಬ್ಬಳ್ಳಿಯ ಓದುಗರು)

ಉತ್ತರ: ನಮ್ಮೂರಿನ ಕಾರ್ಖಾನೆಯ ಗಾಡಿ. ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿದಾಗ ಮೈಸೂರಿನಲ್ಲಿ ಅತ್ತವರನ್ನು ನಾನು ಕಂಡಿದ್ದೇನೆ, ಆದ್ದರಿಂದ ಸ್ವಲ್ಪ ಪಕ್ಷಪಾತ ಇರುತ್ತದೆ. ಹಿಡಿದ ಪಿಸ್ಟನ್ ಇಟ್ಟುಕೊಂಡಿದ್ದೀರಾ? ಅದರ ಮೈಮೇಲೆ ನಾಲ್ಕು ಕಡೆ ಗೀರು ಬಿದ್ದಿದ್ದರೆ ಬೋರ್ ಬಿಗಿಯಿತ್ತು ಎಂದರ್ಥ. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ ಬೋರ್ ಸರಿಯಾಗಿತ್ತು, ಮಿಶ್ರಣ ತೆಳುವಾಗಿ ಪಿಸ್ಟನ್ ಕಾದಿದೆ. ಎರಡನೆಯದಾದರೆ ಕ್ರ್ಯಾಂಕ್‌ನ ಡೈನಮೋ ಕಡೆಯ ಎಣ್ಣೆ ಸೀಲ್ ನೋಡಿಸಿ. ಗಟ್ಟಿಯಾದ ಸೀಲ್ ಮೂಲಕ ಕಳ್ಳ ಗಾಳಿ ನುಗ್ಗುತ್ತದೆ. ಪೆಟ್ರೋಲಿನಲ್ಲೇ ಎಣ್ಣೆ ಬರುವ ಟೂ ಸ್ಟ್ರೋಕ್‌ನಲ್ಲಿ ಗಾಳಿ ಹೆಚ್ಚಾಯಿತೆಂದರೆ ಎಣ್ಣೆಯೂ ಕಡಿಮೆಯಾಯಿತು. ಇನ್ನೊಂದು ಗುರುತು: ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ತಕ್ಷಣ ಇಳಿಯದೆ ಕೂಗುತ್ತಿರುತ್ತದೆ. ಸೀಲ್ ಬದಲಾಯಿಸಿ, ಮುಂದಿನ ಓವರ್‌ಸೈಜ್ ಪಿಸ್ಟನ್‌ಗೆ ಸರಿಯಾದ ಅಳತೆಯಲ್ಲಿ ಬೋರ್ ಮಾಡಿಸಿ, ಸಿಲಿಂಡರ್ ಗೋಡೆಯ ತೂತುಗಳ ಅಂಚನ್ನು ಅರದಿಂದ ಮೆಲ್ಲಗೆ ಮೊಂಡು ಮಾಡಲು ಹೇಳಿ. ಅಲ್ಲಿಯವರೆಗೆ ಡಬ್ಬಿ ಸದ್ದಿನಲ್ಲಿ ಊರು ಸುತ್ತಬೇಡಿ.

ಪ್ರಶ್ನೆ: ಹೊಸ ಎಂಜಿನ್ ಕೆಲಸವಾದ ಮೇಲೆ ಸಾವಿರ ಕಿಲೋಮೀಟರ್ ಗಂಟೆಗೆ ಮೂವತ್ತರಲ್ಲೇ ಓಡಿಸಬೇಕು ಎನ್ನುತ್ತಾರೆ. ಸರಿಯೇ? (ಧಾರವಾಡದ ಓದುಗರು)

ಉತ್ತರ: ಅರ್ಧ ಸರಿ. ಗಾಡಿಯನ್ನು ಅಟ್ಟುವುದು ಬೇಡ, ಮಲಗಿಸುವುದೂ ಬೇಡ. ಪಿಸ್ಟನ್ ರಿಂಗ್ ಬೋರ್‌ಗೆ ಹೊಂದಿಕೊಳ್ಳಲು ಒತ್ತಡ ಬೇಕು. ಒಂದೇ ವೇಗದಲ್ಲಿ ತೆವಳಿಸಿದರೆ ಬೋರ್ ಗಾಜಿನ ಹಾಗೆ ನುಣುಪಾಗಿ, ರಿಂಗ್ ಕೂರದೆ, ಜೀವನಪೂರ್ತಿ ಎಣ್ಣೆ ಕುಡಿಯುತ್ತದೆ. ವೇಗ ಏರಿಸುತ್ತ ಇಳಿಸುತ್ತ ಓಡಿಸಿ, ಟಾಪ್ ಗೇರಿನಲ್ಲಿ ಒದ್ದಾಡಿಸಬೇಡಿ, 500 ಕಿಲೋಮೀಟರಿಗೆ ಮೊದಲ ಎಣ್ಣೆ ಬದಲಾಯಿಸಿ. ಆ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ. ಹೊಳೆಯುವ ಪುಡಿ ಸ್ವಲ್ಪ ಇದ್ದರೆ ಸಹಜ. ಚಿಟಿಕೆಗೆ ಸಿಕ್ಕುವಷ್ಟಿದ್ದರೆ ಕೀಲಿಕೈ ತೆಗೆದಿಟ್ಟು ನನಗೆ ಬರೆಯಿರಿ.

ಪ್ರಶ್ನೆ: ನಮ್ಮ 1978ರ ಅಂಬಾಸಿಡರ್‌ನಲ್ಲಿ ಹೆಡ್ ಕೆಲಸವಾದ ಮೇಲೆ ಟ್ಯಾಪೆಟ್ ಪದೇಪದೇ ಬಿಗಿಯಾಗುತ್ತದೆ. ಸಾಮಾನ್ಯವಾಗಿ ಸಡಿಲವಾಗಬೇಕಲ್ಲವೇ? (ಮಂಡ್ಯದ ಓದುಗರು)

ಉತ್ತರ: ಚೆನ್ನಾಗಿ ಗಮನಿಸಿದ್ದೀರಿ. ಸವೆತಕ್ಕೆ ಸಡಿಲವಾಗುತ್ತದೆ. ಬಿಗಿಯಾಗುತ್ತಿದ್ದರೆ ವಾಲ್ವ್ ಮೇಲಕ್ಕೆ, ಹೆಡ್ ಒಳಗೆ ಹೂತುಹೋಗುತ್ತಿದೆ. ಆ ಎಂಜಿನ್‌ನಲ್ಲಿ ವಾಲ್ವ್ ಕೂರುವ ಸೀಟನ್ನು ಎರಕದ ಕಬ್ಬಿಣದ ಹೆಡ್‌ನಲ್ಲೇ ಕಡೆದಿರುತ್ತಾರೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಅದಕ್ಕೆ ಮೆತ್ತೆಯ ಹಾಗೆ ಕೆಲಸ ಮಾಡುತ್ತಿತ್ತು. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ. ಸೀಟನ್ನು ಮತ್ತೆ ಮತ್ತೆ ಕಡೆಸಿದರೆ ವಾಲ್ವ್ ಇನ್ನೂ ಆಳಕ್ಕೆ ಇಳಿಯುತ್ತದೆ, ಅಷ್ಟೇ. ನಾಲ್ಕು ಎಗ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಲೋಹದ ಸೀಟ್ ಬಳೆ ಹಾಕಿಸಿ. ಬಳೆ ಕೂರಿಸುವವರು ಹೆಡ್ಡನ್ನು ಬಿಸಿ ಮಾಡಿ ಬಳೆಯನ್ನು ತಣ್ಣಗಾಗಿಸಿ ಇಳಿಸುತ್ತಾರೋ, ಸುತ್ತಿಗೆಯಿಂದ ಬಡಿಯುತ್ತಾರೋ ಎಂಬುದನ್ನು ನಿಂತು ನೋಡಿ. ಸುತ್ತಿಗೆ ಕಂಡರೆ ಹೆಡ್ ಎತ್ತಿಕೊಂಡು ಬನ್ನಿ.